ಚೆಂಡು ಹಂಚಿದ ಲೆಕ್ಕ

ಫುಟ್‌ಬಾಲ್ ಕಾರ್ಯಕ್ರಮವೊಂದರ ವರದಿಯ ಮುಖಪುಟದಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ನಗುವ ಹುಡುಗರು. ಒಳಗೊಂದು ಕೋಷ್ಟಕ: ಹಂಚಿದ ಚೆಂಡು ಇಷ್ಟು, ಜರ್ಸಿ ಇಷ್ಟು, ಬಂದ ಮಕ್ಕಳು ಇಷ್ಟು, ಅವರಲ್ಲಿ ಪರಿಶಿಷ್ಟರು ಇಷ್ಟು, ಅಲ್ಪಸಂಖ್ಯಾತರು ಇಷ್ಟು. ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಒಬ್ಬ ಹುಡುಗನ ಮಾತು: ‘ಮೈದಾನದಾಗ ನಾವೆಲ್ಲಾರೂ ಒಂದ.’ ಓದಿದವರು ತಲೆದೂಗುತ್ತಾರೆ, ಹಣ ಕೊಟ್ಟವರು ಮುಂದಿನ ಕಂತು ಬಿಡುಗಡೆ ಮಾಡುತ್ತಾರೆ. ಆಟ ಮುಗಿದ ಮೇಲೆ ಆ ಹುಡುಗರು ಯಾವ ಓಣಿಗೆ ಚದುರಿದರು, ಯಾರ ಕಟ್ಟೆಯ ಮೇಲೆ ಕೂತರು, ಯಾರ ಮನೆಯ ನೀರು ಯಾರು ಕುಡಿದರು, ಯಾರು ಹೊಸ್ತಿಲಾಚೆಯೇ ನಿಂತರು? ಇದು ಆ ವರದಿಯ ಯಾವ ಪುಟದಲ್ಲೂ ಇರುವುದಿಲ್ಲ. ಯಾಕಿಲ್ಲ ಎಂದು ಕೇಳುವವರೂ ಇರುವುದಿಲ್ಲ.

ಇಂಥ ಕಾಗದಕ್ಕೆ ಮೌಲ್ಯಮಾಪನ ಎಂದು ಹೆಸರಿಟ್ಟು ನಾವೆಲ್ಲ ನಿಶ್ಚಿಂತರಾಗಿದ್ದೇವೆ. ಬೈಲಹೊಂಗಲದ ಮಾರುಕಟ್ಟೆಗೆ ಹತ್ತಿ ಒಯ್ದ ರೈತ ಕಾಟಾ ನೋಡದೆ ದುಡ್ಡು ಎಣಿಸಿಕೊಳ್ಳುವುದಿಲ್ಲ. ಒಡೆದ ಊರನ್ನು ಆಟದಿಂದ ಕೂಡಿಸುತ್ತೇವೆಂದು ಹೊರಟವರು ಮಾತ್ರ ಕಣ್ಣಳತೆಯಲ್ಲೇ ಲೆಕ್ಕ ಮುಗಿಸುತ್ತಾರೆ. ಉದ್ದೇಶ ಒಳ್ಳೆಯದು, ಮಕ್ಕಳು ಖುಷಿಯಾಗಿದ್ದಾರೆ, ಇನ್ನೇನು ಬೇಕು ಎಂಬ ಧಾಟಿ. ಮಕ್ಕಳ ಖುಷಿಯೇ ಗುರಿಯಾಗಿದ್ದರೆ ನನ್ನ ತಕರಾರಿಲ್ಲ. ಚೆಂಡು ಕೊಡಿ, ಆಡಲಿ, ಯಾವ ವರದಿಯೂ ಬೇಡ. ಆದರೆ ‘ಜಾತಿ-ಧರ್ಮಗಳ ಗೋಡೆ ಒಡೆದೆವು’ ಎಂದು ಬರೆದುಕೊಂಡ ಮೇಲೆ ಗೋಡೆ ಬಿದ್ದಿದೆಯೇ ಎಂದು ಹೋಗಿ ನೋಡುವ ಹೊಣೆ ಬರುತ್ತದೆ. ಆ ಹೊಣೆಯಿಂದ ತಪ್ಪಿಸಿಕೊಳ್ಳುವುದು ನಮಗೆ ಅಭ್ಯಾಸವಾಗಿಹೋಗಿದೆ.

ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ನಾಳೆ ಯಾರಾದರೂ ಇಂಥ ಕಾರ್ಯಕ್ರಮ ತಂದರೆಂದು ಇಟ್ಟುಕೊಳ್ಳಿ. ಈ ಸೀಮೆಯ ಆಟ ಕುಸ್ತಿ, ಕಬಡ್ಡಿ, ಖೋಖೋ. ಫುಟ್‌ಬಾಲ್ ಏನಿದ್ದರೂ ಬೆಳಗಾವಿ ಪಟ್ಟಣದ್ದು. ಹೊಸ ಆಟದಲ್ಲಿ ಒಂದು ಅನುಕೂಲವಿದೆ. ಯಾವ ಓಣಿಗೂ ಅದರಲ್ಲಿ ಹಳೇ ಪೈಲ್ವಾನರಿಲ್ಲ, ಹಳೇ ಸೋಲಿನ ಸೇಡಿಲ್ಲ. ಗೌಡರ ಮನೆಯ ಹುಡುಗನೂ ಕೇರಿಯ ಹುಡುಗನೂ ಒಂದೇ ದಿನ ಕಲಿಯಲು ಶುರುಮಾಡಿ ಒಂದೇ ರೀತಿ ಎಡವುತ್ತಾರೆ. ಗಾರ್ಡನ್ ಆಲ್‌ಪೋರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಹೇಳಿದ್ದ: ಬೇರೆ ಬೇರೆ ಗುಂಪಿನವರು ಸುಮ್ಮನೆ ಹತ್ತಿರ ಬಂದರೆ ಪೂರ್ವಗ್ರಹ ಕರಗುವುದಿಲ್ಲ. ಆ ಜಾಗದಲ್ಲಿ ಎಲ್ಲರಿಗೂ ಸಮನಾದ ಸ್ಥಾನ ಬೇಕು, ಗುರಿ ಒಂದಿರಬೇಕು, ಕೂಡಿ ದುಡಿಯಬೇಕು, ಅಧಿಕಾರದಲ್ಲಿರುವವರ ಒಪ್ಪಿಗೆ ಬೆನ್ನಿಗಿರಬೇಕು. ಮೊದಲ ಮೂರನ್ನು ಒಂದು ಮಿಶ್ರ ತಂಡ ಅಷ್ಟಿಷ್ಟು ಕೊಡಬಲ್ಲದು. ನಾಲ್ಕನೆಯದು ಉದ್ಘಾಟನೆಯ ದಿನ ಹಿರಿಯರು ಬಂದು ಚೆಂಡು ಒದ್ದು ಹೋದಾಕ್ಷಣ ಸಿಕ್ಕಿಬಿಟ್ಟಿತೆಂದು ನಾವು ಭ್ರಮಿಸುತ್ತೇವೆ.

ಆ ಹಿರಿಯರನ್ನೇ ಕೇಳಿ ನೋಡಿ. ‘ನಮ್ಮೂರಾಗ ಹಂಗೇನಿಲ್ಲರೀ, ಎಲ್ಲಾರೂ ಅಣ್ಣ-ತಮ್ಮರ ಹಂಗ ಅದೀವಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸಾಕ್ಷಿಯಾಗಿ ಮೊಹರಂ ಬರುತ್ತದೆ. ಈ ಭಾಗದಲ್ಲಿ ಅದಕ್ಕೆ ಕೊರತೆಯಿಲ್ಲ. ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಂ ಮನೆಗಳೇ ಇಲ್ಲದಿದ್ದರೂ ಊರವರು ಮೊಹರಂ ಮಾಡುತ್ತಾರೆಂದು ಪತ್ರಿಕೆಗಳೆಲ್ಲ ಬರೆದವು. ಅದು ದೊಡ್ಡ ಸಂಪ್ರದಾಯ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ವರ್ಷಕ್ಕೊಮ್ಮೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವುದನ್ನೇ ಉಳಿದ ದಿನಗಳಿಗೆಲ್ಲ ಜಾಮೀನಾಗಿ ಒಡ್ಡುವುದು ಸೋಮಾರಿತನ. ಅಲಾಯಿ ಕುಣಿಯುವ ಊರಲ್ಲೇ ಕೇರಿಯವರಿಗೆ ಬೇರೆ ಲೋಟ ಇದ್ದೀತು. ಹಬ್ಬದಲ್ಲಿ ಕೂಡುವುದು ಬೇರೆ, ನಿತ್ಯದಲ್ಲಿ ಕೂಡುವುದು ಬೇರೆ. ಫುಟ್‌ಬಾಲ್ ಕಾರ್ಯಕ್ರಮವೂ ಇನ್ನೊಂದು ಹಬ್ಬವಾಗಿ ಮುಗಿಯುವ ಅಪಾಯ ಇರುವುದು ಇಲ್ಲೇ.

ನಿತ್ಯದಲ್ಲಿ ಏನಿದೆ ಎಂಬುದನ್ನು ಉತ್ತರ ಕರ್ನಾಟಕದ ಎರಡು ಊರುಗಳು ನಮ್ಮ ಮುಖಕ್ಕೇ ಹೇಳಿವೆ. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ದಲಿತ ಕುಟುಂಬದ ಪುಟ್ಟ ಕೂಸೊಂದು ಮಳೆಗೆ ಗುಡಿಯೊಳಗೆ ಓಡಿತು. ಶುದ್ಧಿಯ ಹೆಸರಲ್ಲಿ ಆ ಮನೆಯವರಿಗೆ ದಂಡ ಹಾಕಲು ಹೊರಟರು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳಲ್ಲಿ ದಲಿತರನ್ನು ದೂರವಿಡುತ್ತಿದ್ದ ಸಂಗತಿ ಮೊದಲಿಂದಲೇ ಕುದಿಯುತ್ತಿತ್ತು. 2014ರ ಆಗಸ್ಟ್‌ನಲ್ಲಿ ಸಿನಿಮಾ ಟಾಕೀಸಿನ ಒಂದು ಜಗಳ ನೆಪವಾಗಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಗುಡಿ, ಕ್ಷೌರದಂಗಡಿ, ಹೋಟೆಲ್: ತಡೆ ಇದ್ದದ್ದು ಇಲ್ಲಿ. ಹಾಗಾದರೆ ಅಳೆಯಬೇಕಾದದ್ದೂ ಇಲ್ಲಿಯೇ. ಮೈದಾನದಲ್ಲಿ ಯಾರೂ ಯಾರನ್ನೂ ತಡೆದಿರಲಿಲ್ಲ, ಅಲ್ಲಿ ಹೋಗಿ ‘ತಡೆ ಇಲ್ಲ’ ಎಂದು ದಾಖಲಿಸಿಕೊಂಡು ಬರುವುದರಲ್ಲಿ ಏನು ದೊಡ್ಡಸ್ತಿಕೆ?

ಆಟದಲ್ಲಿ ಒಂದಾದವರು ಊರಲ್ಲೂ ಒಂದಾಗುತ್ತಾರೆ ಎಂಬ ನಂಬಿಕೆಗೆ ನಮ್ಮ ನೆರೆಯಲ್ಲೇ ಹಳೆಯ ಉತ್ತರವೊಂದಿದೆ. ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ ಬಾಳೂ ದಲಿತ ಕುಟುಂಬದ ಎಡಗೈ ಸ್ಪಿನ್ನರ್. ಪುಣೆಯಲ್ಲಿ ಹಿಂದೂ ತಂಡದವರು ಅವರನ್ನು ಸೇರಿಸಿಕೊಂಡರು, ಯಾಕೆಂದರೆ ಯುರೋಪಿಯನ್ನರನ್ನು ಸೋಲಿಸಲು ಅವರ ಬೌಲಿಂಗ್ ಬೇಕಿತ್ತು. ಮೈದಾನದಲ್ಲಿ ಅದೇ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ವೇಳೆಗೆ ಬಾಳೂ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಕಪ್ಪಿನಲ್ಲಿ. 1906ರಲ್ಲಿ ಮುಂಬಯಿಯಲ್ಲಿ ಯುರೋಪಿಯನ್ನರನ್ನು ಸೋಲಿಸಿದ ತಂಡದ ಆಧಾರಸ್ತಂಭ ಅವರೇ. 1911ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ನಾಯಕತ್ವ ಮಾತ್ರ ಅವರಿಗೆ ಬರಲೇ ಇಲ್ಲ. 1920ರಲ್ಲಿ ಅವರ ತಮ್ಮಂದಿರು ಪ್ರತಿಭಟಿಸಿ ತಂಡ ಬಿಟ್ಟು ಹೊರಬಂದರು, ಅಸ್ಪೃಶ್ಯತೆಯ ಪ್ರಶ್ನೆ ಊರತುಂಬ ಚರ್ಚೆಯಾಯಿತು. ಕೊನೆಗೆ 1923ರಲ್ಲಿ ತಮ್ಮ ವಿಠ್ಠಲ ನಾಯಕನಾದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜೊತೆಯಲ್ಲಿ ಆಡಿ ಗೆದ್ದದ್ದು ಸಾಲಲಿಲ್ಲ. ಆಡುವುದಿಲ್ಲ ಎಂದು ಎದ್ದು ಹೊರಟಾಗಲೇ ಬಾಗಿಲು ತೆರೆಯಿತು. ಆ ಕಾಲದಲ್ಲಿ ಯಾರಾದರೂ ವರದಿ ಬರೆದಿದ್ದರೆ, ಮೈದಾನದ ಮೇಲಿನ ಹನ್ನೊಂದು ಜನರನ್ನು ತೋರಿಸಿ ‘ಏಕತೆ ಸಾಧಿಸಲಾಗಿದೆ’ ಎಂದು ಮುಗಿಸುತ್ತಿದ್ದರು. ಮಣ್ಣಿನ ಕಪ್ಪು ಕೋಷ್ಟಕದಲ್ಲಿ ಬರುತ್ತಿರಲಿಲ್ಲ.

ಈಗಲೂ ಬರುತ್ತಿಲ್ಲ. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಮ್ಮ ದೇಶದಲ್ಲಿ ನಡೆದಾಗ ‘ಮಿಷನ್ ಇಲೆವೆನ್ ಮಿಲಿಯನ್’ ಎಂಬ ಯೋಜನೆ ಬಂತು. ಗುರಿ ಹೆಸರಿನಲ್ಲೇ ಇತ್ತು: 1.1 ಕೋಟಿ ಮಕ್ಕಳನ್ನು ತಲುಪುವುದು. ಆಮೇಲೆ ಫಿಫಾದ ಶಾಲಾ ಫುಟ್‌ಬಾಲ್ ಯೋಜನೆಯಡಿ ದೇಶದ ಶಾಲೆಗಳಿಗೆ 11 ಲಕ್ಷಕ್ಕೂ ಹೆಚ್ಚು ಚೆಂಡು ಹಂಚುವ ಸಿದ್ಧತೆಯಾಯಿತು. ತಲುಪುವುದು ಅಂದರೇನು? ಒಮ್ಮೆ ಒದ್ದದ್ದೇ, ವಾರಕ್ಕೆ ಮೂರು ದಿನ ಆಡಿದ್ದೇ, ಅಥವಾ ಚೆಂಡು ಹೆಡ್‌ಮಾಸ್ತರರ ಕೋಣೆಯ ಕಪಾಟಿನಲ್ಲಿ ಗಾಳಿಯಿಲ್ಲದೆ ಮಲಗಿದ್ದೇ? ಸಂಖ್ಯೆ ದೊಡ್ಡದಾದಷ್ಟೂ ಪ್ರಶ್ನೆ ಕೇಳುವವರ ಬಾಯಿ ಕಟ್ಟುತ್ತದೆ.

ಕಾನೂನೂ ಈ ಆಲಸ್ಯಕ್ಕೆ ಸಾಕಷ್ಟು ಜಾಗ ಬಿಟ್ಟಿದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಗ್ರಾಮೀಣ ಕ್ರೀಡೆಗೂ ಬರುತ್ತದೆ. 2021ರ ನಿಯಮದಂತೆ ಪರಿಣಾಮದ ಪರೀಕ್ಷೆಯನ್ನು ಹೊರಗಿನ ಸಂಸ್ಥೆಯಿಂದ ಮಾಡಿಸಬೇಕಾದದ್ದು ವರ್ಷಕ್ಕೆ ಸರಾಸರಿ 10 ಕೋಟಿ ರೂಪಾಯಿಯ ಹೊಣೆಯುಳ್ಳ ದೊಡ್ಡ ಕಂಪನಿಗಳು ಮಾತ್ರ, ಅದೂ 1 ಕೋಟಿ ಅಥವಾ ಹೆಚ್ಚಿನ ಯೋಜನೆಗಳಿಗೆ. ಸಾಲಹಳ್ಳಿಗೆ ಬರುವ ಹಣ ಆ ಮಟ್ಟಕ್ಕೆ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಪರೀಕ್ಷೆಗೆ ಒತ್ತಾಯಿಸುವವರು ಯಾರೂ ಇಲ್ಲ. ಒತ್ತಾಯವಿಲ್ಲದ್ದನ್ನು ಮಾಡುವ ರೂಢಿ ನಮ್ಮ ಸಂಸ್ಥೆಗಳಿಗೆ ಇಲ್ಲವೇ ಇಲ್ಲ.

‘ಮನಸ್ಸಿನ ಬದಲಾವಣೆಯನ್ನು ಅಳೆಯೋದು ಹೆಂಗ್ರೀ?’ ಎಂದು ಕೈಚೆಲ್ಲುವವರಿಗೆ ಇರಾಕಿನ ಉದಾಹರಣೆ ಹೇಳಬೇಕು. ಐಸಿಸ್ ದಾಳಿಯಿಂದ ಊರುಬಿಟ್ಟ ಕ್ರೈಸ್ತರು ಮುಸ್ಲಿಮರನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ. ಸಲ್ಮಾ ಮೂಸಾ ಎಂಬ ಸಂಶೋಧಕಿ ಅಂಥ ಕ್ರೈಸ್ತ ಹವ್ಯಾಸಿ ತಂಡಗಳನ್ನು ಕೂಡಿಸಿ ಫುಟ್‌ಬಾಲ್ ಲೀಗ್ ನಡೆಸಿದರು. 51 ತಂಡ, 459 ಆಟಗಾರರು. ಚೀಟಿ ಎತ್ತಿದ ಹಾಗೆ ಕೆಲವು ತಂಡಗಳಿಗೆ ಹೆಚ್ಚುವರಿಯಾಗಿ ಮುಸ್ಲಿಂ ಆಟಗಾರರು, ಕೆಲವಕ್ಕೆ ಕ್ರೈಸ್ತರೇ. ಮುಗಿದ ಮೇಲೆ ಯಾರನ್ನೂ ‘ನಿಮಗೀಗ ಮುಸ್ಲಿಮರ ಮೇಲೆ ಪ್ರೀತಿ ಬಂತೇ’ ಎಂದಷ್ಟೇ ಕೇಳಿ ಬಿಡಲಿಲ್ಲ. ಅವರು ಏನು ಮಾಡಿದರೆಂದು ನೋಡಿದರು. ಮಿಶ್ರ ತಂಡದಲ್ಲಿ ಆಡಿದವರು ಬೇರೆ ತಂಡದ ಮುಸ್ಲಿಂ ಆಟಗಾರನಿಗೆ ಸಜ್ಜನಿಕೆಯ ಬಹುಮಾನಕ್ಕಾಗಿ ಹೆಚ್ಚು ಮತ ಹಾಕಿದರು, ಮುಂದಿನ ಸಾಲಿಗೂ ಮಿಶ್ರ ತಂಡವೇ ಬೇಕೆಂದು ಹೆಚ್ಚಾಗಿ ಹೆಸರು ಬರೆಸಿದರು, ಆರು ತಿಂಗಳ ನಂತರವೂ ಮುಸ್ಲಿಮರೊಡನೆ ಅಭ್ಯಾಸ ಮಾಡುತ್ತಿದ್ದರು. ಇಲ್ಲಿಗೇ ನಿಲ್ಲಿಸಿದ್ದರೆ ಅದೂ ನಮ್ಮ ವರದಿಗಳ ಹಾಗೆ ಸುಖಾಂತವಾಗುತ್ತಿತ್ತು. ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮುಸ್ಲಿಮರೇ ಹೆಚ್ಚಿರುವ ಮೊಸುಲ್ ಪಟ್ಟಣದ ಹೋಟೆಲಿಗೆ ಊಟಕ್ಕೆ ಹೋದರೆ ರಿಯಾಯಿತಿ ಸಿಗುವ ಚೀಟಿ ಕೊಟ್ಟರು, ಎಲ್ಲರೂ ಸೇರುವ ಕೂಟಕ್ಕೆ ಕರೆದರು. ಅಲ್ಲಿ ಮಿಶ್ರ ತಂಡದವರಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೈದಾನದಲ್ಲಿ ಕಲಿತದ್ದು ಮೈದಾನದಲ್ಲೇ ಉಳಿಯಿತು. 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಗೆದ್ದದ್ದನ್ನೂ ಸೋತದ್ದನ್ನೂ ಒಟ್ಟಿಗೇ ಪ್ರಕಟಿಸಿದರು. ಯುದ್ಧದಿಂದ ಬಸವಳಿದ ನಾಡಿನಲ್ಲಿ ಇಷ್ಟು ಸಾಧ್ಯವಾಯಿತು, ರಾಮದುರ್ಗದಲ್ಲಿ ಆಗುವುದಿಲ್ಲವಂತೆ.

ಹೊರದೇಶದ ಮಾತು ಬೇಡ ಎನ್ನುವವರಿಗೆ ಉತ್ತರ ಪ್ರದೇಶದ ಹಳ್ಳಿಗಳಿವೆ. ಅಲ್ಲಿ ಮ್ಯಾಥ್ಯೂ ಲೋ ಎಂಬ ಅರ್ಥಶಾಸ್ತ್ರಜ್ಞ ಬೇರೆ ಬೇರೆ ಜಾತಿಯ ಯುವಕರನ್ನು ಇದೇ ರೀತಿ ಚೀಟಿಯ ಮೇಲೆ ಹಂಚಿ ಕ್ರಿಕೆಟ್ ಲೀಗ್ ಆಡಿಸಿದರು. 2021ರಲ್ಲಿ ಫಲಿತಾಂಶ ಹೊರಬಂತು. ಒಂದೇ ತಂಡದಲ್ಲಿ ಬೇರೆ ಜಾತಿಯವರೊಡನೆ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು, ಸ್ವಜಾತಿಯವರಿಗೇ ಒಲಿಯುವ ಚಾಳಿ ಕಡಿಮೆಯಾಯಿತು. ಬೇರೆ ಜಾತಿಯವರನ್ನು ಎದುರಾಳಿಯಾಗಿ ಕಂಡವರಲ್ಲಿ ಬಹುಮಟ್ಟಿಗೆ ಇದರ ತದ್ವಿರುದ್ಧ. ಈ ಸಂಗತಿ ನಮ್ಮ ಸಂಘಟಕರ ನಿದ್ದೆಗೆಡಿಸಬೇಕು. ನಮ್ಮಲ್ಲಿ ತಂಡ ಕಟ್ಟುವುದು ಹೇಗೆ? ಮೇಲಿನ ಓಣಿಯದೊಂದು, ಕೆಳಗಿನ ಓಣಿಯದೊಂದು, ಮಸೂತಿ ಓಣಿಯದೊಂದು. ಹೆಸರು ಮಾತ್ರ ಟೈಗರ್ಸ್, ವಾರಿಯರ್ಸ್. ಫೈನಲ್ ದಿನ ಓಣಿಗೆ ಓಣಿ ಎದುರು, ಹಿಂದೆ ಹಲಗೆ, ಪಟಾಕಿ, ತಂತಮ್ಮ ಬಣ್ಣದ ಶಾಲು. ಅದನ್ನೂ ಕೂಡಿಸುವ ಕಾರ್ಯಕ್ರಮವೆಂದೇ ಬರೆಯುತ್ತೇವೆ. ಇದ್ದ ಗೆರೆಗೆ ಇನ್ನೊಮ್ಮೆ ಸುಣ್ಣ ಹಾಕಿ ಬಂದಿರುವ ಸಾಧ್ಯತೆ ಯಾರ ತಲೆಗೂ ಹೊಳೆಯುವುದಿಲ್ಲ. (ಕೊಡಗಿನವರು 1997ರಿಂದ ಮನೆತನಗಳ ಹಾಕಿ ಹಬ್ಬ ನಡೆಸುತ್ತಾರೆ. ಅದು ಕೊಡವ ಕುಟುಂಬಗಳನ್ನು ಒಟ್ಟುಗೂಡಿಸಲು ಹುಟ್ಟಿದ್ದು, ಹಾಗೆಂದು ಹೇಳಿಕೊಂಡೇ ನಡೆಯುತ್ತದೆ. ಆ ಪ್ರಾಮಾಣಿಕತೆಯಾದರೂ ನಮ್ಮ ‘ಸೌಹಾರ್ದ ಕಪ್’ಗಳಿಗೆ ಇರಬಾರದೇ?)

ಇನ್ನು ಬಾರದವರ ವಿಷಯ. ಬಂದ ಮಕ್ಕಳ ಹಾಜರಿ ಇದೆ, ಬಾರದವರದು ಯಾರ ಬಳಿಯೂ ಇಲ್ಲ. ಮೊದಲ ವಾರ ಬಂದು, ಯಾರೋ ಒಬ್ಬ ಜಾತಿ ಹಿಡಿದು ಬೈದನೆಂದು ಮರಳಿ ಬಾರದ ಹುಡುಗ. ಅಪ್ಪ-ಅವ್ವನ ಜೊತೆ ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋದವನು. ‘ಆ ಓಣಿಯವರ ಜೋಡಿ ಆಡಬ್ಯಾಡ’ ಎಂದು ಮನೆಯಲ್ಲೇ ತಡೆಸಿಕೊಂಡವನು. ವರ್ಷದ ಕೊನೆಗೆ ಉಳಿದಿರುವುದು ಮೊದಲೇ ಮನಸ್ಸು ತೆರೆದಿದ್ದ ಮಕ್ಕಳು. ಅವರನ್ನು ಕೇಳಿ, ಎಲ್ಲರೂ ಬದಲಾಗಿದ್ದಾರೆ ಎಂದು ಬರೆದರೆ ಅದು ಸುಳ್ಳು ಲೆಕ್ಕವಾಗುತ್ತದೆ. ಹೆಣ್ಣುಮಕ್ಕಳಂತೂ ಆ ಲೆಕ್ಕದ ಅಂಚಿಗೂ ಬರುವುದಿಲ್ಲ. ಆಟಗಾರ ಆಂದ್ರೆಸ್ ಎಸ್ಕೋಬಾರ್‌ನನ್ನು 1994ರಲ್ಲಿ ಕೊಂದ ಕೊಲಂಬಿಯಾದ ಮೆದೆಯಿನ್ ಪಟ್ಟಣದಲ್ಲಿ ಆಮೇಲೆ ಶಾಂತಿಗಾಗಿ ಫುಟ್‌ಬಾಲ್ ಶುರುವಾಯಿತು. ಅಲ್ಲಿ ಹುಡುಗ-ಹುಡುಗಿಯರು ಒಂದೇ ತಂಡ, ಮೊದಲ ಗೋಲು ಹುಡುಗಿಯದೇ ಆಗಬೇಕೆಂಬ ನಿಯಮ, ರೆಫರಿ ಇಲ್ಲ, ಆಟಕ್ಕೆ ಮುಂಚೆ ಕೂತು ನಿಯಮ ಒಪ್ಪಿಕೊಳ್ಳುವುದು, ಆಟದ ನಂತರ ಕೂತು ನಡೆದದ್ದನ್ನು ಮಾತಾಡುವುದು. ಕೂಡುವುದು ತಾನಾಗಿ ಆಗುವುದಿಲ್ಲವೆಂದು ಗೊತ್ತಿದ್ದವರು ಆಟದ ಕಟ್ಟಳೆಯನ್ನೇ ಬದಲಿಸಿದರು. ನಾವು ಜರ್ಸಿಯ ಬಣ್ಣ ಆರಿಸುವುದರಲ್ಲೇ ಸಭೆ ಮುಗಿಸುತ್ತೇವೆ.

ಹಾಳೆ ಕೊಟ್ಟು ‘ಜಾತಿಭೇದ ಮಾಡುವುದು ಸರಿಯೇ, ತಪ್ಪೇ’ ಎಂದು ಗುರುತು ಹಾಕಿಸುವ ಸಮೀಕ್ಷೆಯೊಂದಿದೆ, ಅದರ ಬಗ್ಗೆ ಹೆಚ್ಚು ಹೇಳುವುದೇ ಬೇಡ. ಏಳನೇ ಇಯತ್ತೆಯ ಯಾವ ಮಗು ‘ಸರಿ’ ಎಂದು ಬರೆದೀತು? ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಬರೆದ ಉತ್ತರವನ್ನೇ ಇಲ್ಲೂ ಬರೆಯುತ್ತದೆ. ಕೇಳುವವರು ಚೆಂಡು ಕೊಟ್ಟ ಸಾಹೇಬರೇ ಆಗಿದ್ದರಂತೂ ಕೇಳುವುದೇ ಬೇಡ.

ಪದಕದ ಲೆಕ್ಕಕ್ಕೆ ಜೋತುಬಿದ್ದರೆ ಏನಾಗುತ್ತದೆ ಎಂಬುದನ್ನೂ ಹತ್ತಿರದಲ್ಲೇ ಕಂಡಿದ್ದೇವೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ಓಟ-ಜಿಗಿತಕ್ಕೆ ತರಬೇತಿ ಕೊಟ್ಟಿತು. ಕಮಲಾ ಸಿದ್ದಿಯಂಥವರು ಬೆಳಕಿಗೆ ಬಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಊರು ಬಿಟ್ಟು ಬಂದಿದ್ದ ಮಕ್ಕಳಲ್ಲಿ ಹಲವರು ಹಳೆಯ ಬದುಕಿಗೆ ಮರಳಿದರು. ಆ ಮಕ್ಕಳನ್ನು ಸುತ್ತಲಿನ ಸಮಾಜ ನೋಡುವ ಕಣ್ಣು ಬದಲಾಗಿತ್ತೇ ಎಂಬ ಪ್ರಶ್ನೆ ಅಂದಿನ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ.

ಹಣವಿಲ್ಲ, ತಜ್ಞರಿಲ್ಲ ಎಂಬ ನೆಪ ಬೇಡ. ಸಾಲಹಳ್ಳಿಯ ಶಾಲೆಯ ಒಬ್ಬ ದೈಹಿಕ ಶಿಕ್ಷಕರಿಗೆ, ಹೊರಗಿನ ಊರಿಂದ ಬಂದ ಇಬ್ಬರು ಕಾಲೇಜು ಹುಡುಗಿಯರಿಗೆ, ಒಂದು ನೂರು ಪುಟದ ನೋಟ್‌ಬುಕ್ಕಿಗೆ ಆಗುವ ಕೆಲಸವಿದು. ಜೂನ್‌ನಲ್ಲಿ, ಚೆಂಡು ಊರಿಗೆ ಬರುವ ಮುಂಚೆ, ಆಡುವವರನ್ನೂ ಆಡದವರನ್ನೂ ಒಬ್ಬೊಬ್ಬರಾಗಿ ಕೂರಿಸಿ ಕೇಳಿ: ನಿನ್ನ ಗೆಳೆಯರು ಯಾರು, ಯಾರ ಮನೆಯೊಳಗೆ ಹೋಗಿದ್ದೀ, ಎಲ್ಲಿ ಉಂಡಿದ್ದೀ, ಕಳೆದ ಜಾತ್ರೆಗೆ ಯಾರ ಜೋಡಿ ಹೋಗಿದ್ದೆ. ಜಾತಿಯ ಹೆಸರು ಬಾಯಲ್ಲಿ ಬರಬೇಕಿಲ್ಲ, ಗೆಳೆಯರ ಹೆಸರು ಸಾಕು. ಚೀಟಿ ಎತ್ತಿ ತಂಡ ಮಾಡಿ, ಓಣಿಯ ಲೆಕ್ಕದಲ್ಲಿ ಬೇಡ. ಬರಲಾಗದವರ ಹೆಸರು, ಬಿಟ್ಟುಹೋದವರ ಹೆಸರು, ಬಿಟ್ಟ ಕಾರಣ ಬೇರೆ ಪುಟದಲ್ಲಿ ಬರೆದಿಡಿ. ಪಕ್ಕದ ಊರೊಂದರಲ್ಲಿ, ಆಟವಿನ್ನೂ ಹೋಗದ ಕಡೆ, ಅವೇ ಪ್ರಶ್ನೆ ಕೇಳಿ ಬನ್ನಿ. ಇಲ್ಲದಿದ್ದರೆ ಮಕ್ಕಳು ಒಂದು ವರ್ಷ ದೊಡ್ಡವರಾದದ್ದನ್ನೇ ಫುಟ್‌ಬಾಲಿನ ಪವಾಡವೆಂದುಕೊಳ್ಳುತ್ತೀರಿ. ಆಟ ನಿಂತು ಆರು ತಿಂಗಳಾದ ಮೇಲೆ, ಒಂದು ಜಾತ್ರೆ, ಒಂದು ಮೊಹರಂ, ಸಾಧ್ಯವಾದರೆ ಒಂದು ಪಂಚಾಯಿತಿ ಚುನಾವಣೆ ಕಳೆದ ಮೇಲೆ, ಮತ್ತೆ ಹೋಗಿ ಕೇಳಿ. ಗೆಳೆತನ ಅಲುಗಾಡುವುದು ಚುನಾವಣೆಯ ಹೊತ್ತಿಗೆ.

ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಯಾವ ಮಗುವಿನ ಹೆಸರೂ ಬರಬಾರದು, ಊರಿನ ಜಾಗಗಳ ಹೆಸರು ಬರಬೇಕು. ತಂಡದೊಳಗೆ ಗೆಳೆತನ ಬೆಳೆಯಿತು, ಚಹಾದಂಗಡಿಯಲ್ಲಿ ಬೇರೆ ಲೋಟ ಹಾಗೇ ಇದೆ ಎಂದಾದರೆ ಅದನ್ನೂ ಓದಬೇಕು, ಚಹಾದಂಗಡಿಯವನ ಎದುರಿಗೇ, ಉದ್ಘಾಟನೆಗೆ ಬಂದ ಹಿರಿಯರ ಎದುರಿಗೇ. ಹಣ ಕೊಟ್ಟವರು ಆ ಸಭೆಯಲ್ಲಿ ಚಾಪೆಯ ಮೇಲೆ ಕೂತು ಕೇಳಲಿ. ಎರಡನೆಯ ವರ್ಷದ ಹಣದ ಮಾತು ಅದಾದ ಮೇಲೆ.